ತೈಲವದನಾಭ್ಯಾಸ ಮೀಮಾಂಸೆ

ಹಳೆಯ ಯುರೋಪಿನ ಶೈಲಿಯಲ್ಲಿ, ಎಣ್ಣೆಬಣ್ಣದಲ್ಲಿ, ಮುಖವೊಂದನ್ನು ‘ಸುಮ್ಮನೆ ಅಭ್ಯಾಸಕ್ಕೆ’ ಬರೆಯುವವರನ್ನು ಈ ಶಾಸ್ತ್ರವು ಸಾಧಕರೆಂದು ಕರೆಯುತ್ತದೆ. ಮನೆಯವರು ಏನೆಂದು ಕರೆಯುತ್ತಾರೆಂಬುದು ಶಾಸ್ತ್ರದ ವ್ಯಾಪ್ತಿಗೆ ಬಾರದು.

ಸಾಧಕರಿಗೆ ಪರಮಪ್ರಿಯವಾದದ್ದು ವರ್ಮೀರ್ ಸುಮಾರು 1665ರಲ್ಲಿ ಬರೆದ, ಈಗ ಹೇಗ್ ನಗರದ ಮೌರಿಟ್ಸ್‌ಹೌಸ್‌ನಲ್ಲಿರುವ ‘ಮುತ್ತಿನೋಲೆಯ ಹುಡುಗಿ’. ಅಳತೆ 44.5 × 39 ಸೆಂ.ಮೀ., ಕಾಣುವ ಆಭರಣ ಒಂದೇ, ಕೈಗಳು ಇಲ್ಲವೇ ಇಲ್ಲ. ಕೈ ಬರೆಯಬೇಕಿಲ್ಲದ ಚಿತ್ರಗಳ ಮೇಲೆ ಸಾಧಕರಿಗಿರುವ ಭಕ್ತಿಯೇ ಪ್ರತ್ಯೇಕ ಮಹಾಪ್ರಬಂಧಕ್ಕೆ ವಸ್ತು.

ಪೂರ್ವಪಕ್ಷ ಹೀಗಿದೆ: ಡಚ್ಚರು ‘ಟ್ರೋನಿ’ ಎನ್ನುತ್ತಿದ್ದ ಈ ಬಗೆಯ ಚಿತ್ರ ಇಂಥವರದೇ ಎಂದು ಬರೆದ ಭಾವಚಿತ್ರವಲ್ಲ, ಆದ್ದರಿಂದ ಹೋಲಿಕೆ ತಪ್ಪಿತೆಂದು ದೂರುವ ಹಕ್ಕು ಯಾರಿಗೂ ಇಲ್ಲ. ಸಾಧಕರ ತಾಯಿಯವರ ಖಂಡನೆ: “ಎಲ್ಲೋ ನೋಡಿದೀನಲ್ಲೋ ಇವನನ್ನ!”

ಈ ಪುಲ್ಲಿಂಗಕ್ಕೆ ಮೂಲ ಮೂಗು. ವರ್ಮೀರ್ ಹುಡುಗಿಯ ಮೂಗಿನ ದಂಡೆಗೂ ಆಚೆಯ ಕೆನ್ನೆಗೂ ನಡುವೆ ಗೆರೆಯನ್ನೇ ಎಳೆದಿಲ್ಲ. ಎರಡೂ ಒಂದೇ ಬೆಳಕಿನಲ್ಲಿ ಬೆರೆತಿವೆ. ಪಾಪ, ಮರೆತಿರಬೇಕೆಂದು ಸಾಧಕರು ಎಳೆಯುತ್ತಾರೆ. ಎಳೆದೊಡನೆ ಹುಡುಗಿಗೆ ನಲವತ್ತೈದು ದಾಟುತ್ತದೆ. ಒರೆಸಿದರೆ ಮೂಗೇ ಹೋಗುತ್ತದೆ. ಒರೆಸಿದ ಬಣ್ಣ ತುಟಿಯ ಮೇಲೆ ನಿಂತು ಮೀಸೆಯಾಗುತ್ತದೆ.

ಇನ್ನು ಎಣ್ಣೆ. ಕೆಳಪದರಕ್ಕೆ ಕಡಿಮೆ, ಮೇಲಿನದಕ್ಕೆ ಹೆಚ್ಚು, ಅದಲುಬದಲಾದರೆ ಬಿರುಕು. ಧಾರವಾಡದ ಕಡೆ ಚಟ್ನಿಪುಡಿಯಾಗಿ ರೊಟ್ಟಿಯ ಪಕ್ಕ ಕೂರುವ ಅಗಸಿಯ ಎಣ್ಣೆಯೇ ಇಲ್ಲಿಯೂ. ಅದು ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ; ಹಾಗೆ ಹೀರುವಾಗ ತೂಕವೂ ಏರುತ್ತದೆ. ‘ತೂಕವುಳ್ಳ ಕೃತಿ’ ಎಂಬ ವಿಮರ್ಶಕರ ಮಾತಿಗೆ ದೊರೆತಿರುವ ವೈಜ್ಞಾನಿಕ ಆಧಾರ ಇದೊಂದೇ. ವಾರ್ನಿಷ್ ಬಳಿಯಲು ಆರು ತಿಂಗಳಾದರೂ ಕಾಯಬೇಕೆಂಬುದು ರೂಢಿ. ‘ಅಭ್ಯಾಸಕ್ಕಷ್ಟೇ’ ಎಂಬ ವಾರ್ನಿಷನ್ನು ಮಾತ್ರ ಹಸಿಬಣ್ಣದ ಮೇಲೂ ಬಳಿಯಬಹುದು, ಖಾಲಿ ಕ್ಯಾನ್ವಾಸಿನ ಮೇಲೂ.

ಮೂಲಚಿತ್ರವೇ 1881ರ ಹರಾಜಿನಲ್ಲಿ 2 ಗಿಲ್ಡರ್‌ಗೆ, ಮೇಲೆ 30 ಸೆಂಟ್ ಕಮಿಷನ್‌ಗೆ ಹೋಯಿತೆಂದು ಸಾಧಕರು ಪದೇಪದೇ ಉಲ್ಲೇಖಿಸುತ್ತಾರೆ. ಮನೆಯವರು ಉಲ್ಲೇಖಿಸುವುದು ಬಣ್ಣದಂಗಡಿಯ ಬಿಲ್ಲನ್ನು.

ಉಳಿದದ್ದು ಮುತ್ತು. ಮೇಲೊಂದು ದಪ್ಪ ಬಿಳಿ ಚುಕ್ಕೆ, ಕೆಳಗೆ ಕಾಲರಿನ ಮಂದ ಪ್ರತಿಫಲನ, ಅಷ್ಟೇ. ಕಿವಿಗೆ ಸಿಕ್ಕಿಸುವ ಕೊಕ್ಕೆಯನ್ನೂ ವರ್ಮೀರ್ ಬರೆದಿಲ್ಲ. ಇದು ಎಂಥ ಸಾಧಕರಿಗೂ ಒಲಿಯುತ್ತದೆ. ಆದ್ದರಿಂದ ಸಿದ್ಧಾಂತ: ನೆಂಟರಿಗೆ ಚಿತ್ರ ತೋರಿಸುವಾಗ ಮುತ್ತಿನಿಂದ ಆರಂಭಿಸತಕ್ಕದ್ದು; ಮೂಗಿನ ಪ್ರಸ್ತಾಪ ಬರುವಷ್ಟರಲ್ಲಿ ಕಾಫಿ ಬರತಕ್ಕದ್ದು.