ಲಿವರ್ ಎಳೆದರೂ ತೆರೆಯದ ಮುಚ್ಚಳ

ಅಣ್ಣ, ಆ ಸ್ಕ್ರೂಡ್ರೈವರ್ ಮೊದಲು ಕೆಳಗೆ ಮಡಗು. ಬೇಲಿ ಈಚೆಯಿಂದ ನೋಡ್ತಾನೇ ಇದ್ದೀನಿ, ಪೆಟ್ರೋಲ್ ಮುಚ್ಚಳದ ಸಂದಿಗೆ ಅದನ್ನ ತೂರಿಸಿ ಮೀಟೋಕೆ ಹೊರಟಿದ್ದೀಯ. ಬೇಡ ಕನಣ್ಣ. ಒಂದು ಸಲ ಮೀಟಿದರೆ ಬಣ್ಣ ಎದ್ದು ಬರುತ್ತೆ, ತಗಡು ಸೊಟ್ಟಗಾಗುತ್ತೆ. ಸೊಟ್ಟಗಾದ ಮುಚ್ಚಳ ಮತ್ತೆ ನೆಟ್ಟಗೆ ಕೂರಲ್ಲ. ಬಣ್ಣ ಹೋದ ಕಡೆ ತುಕ್ಕು ಹಿಡಿಯುತ್ತೆ. ಒಂದು ಸ್ಪ್ರಿಂಗಿನಲ್ಲೋ ಕೇಬಲಿನಲ್ಲೋ ಮುಗಿಯೋ ಕೆಲಸ ಟಿಂಕರಿಂಗು, ಪೇಂಟಿಂಗು ಅಂತ ಬೆಳೆದುಬಿಡುತ್ತೆ. ಬಂಕಿನಲ್ಲಂತೂ ಈ ಕೆಲಸಕ್ಕೆ ಕೈ ಹಾಕಲೇಬಾರದು. ಪೆಟ್ರೋಲ್ ಆವಿ ಆಡೋ ಜಾಗದಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿಸೋದು ಒಳ್ಳೇದಲ್ಲ.

ನಿನ್ನೆ ಅಲ್ಲಿ ನಿನಗೆ ಕೈ ಓಡಲಿಲ್ಲ ಅಂದರೆ ಅರ್ಥ ಆಗುತ್ತೆ. ಗುಂಡ್ಲುಪೇಟೆ ಬಂಕುಗಳಲ್ಲಿ ಸಂಜೆ ಹೊತ್ತಿಗೆ ಕೇರಳದ ನಂಬರಿನ ಗಾಡಿಗಳು ಸಾಲುಗಟ್ಟಿರುತ್ತವೆ. ಅವರ ಕಡೆ ಪೆಟ್ರೋಲು, ಡೀಸೆಲ್ಲು ಎರಡೂ ನಮಗಿಂತ ತುಟ್ಟಿ. ಹಾಗಾಗಿ ವಯನಾಡಿಗೆ ವಾಪಸ್ ಹೋಗೋರು ಟ್ಯಾಂಕ್ ಭರ್ತಿ ಮಾಡಿಸಿಕೊಂಡೇ ಹೊರಡೋದು. ರಾತ್ರಿ ಒಂಬತ್ತರೊಳಗೆ ನಮ್ಮ ಮದ್ದೂರು ಚೆಕ್‌ಪೋಸ್ಟ್ ದಾಟಬೇಕು ಅನ್ನೋ ಆತುರ ಬೇರೆ. ಅಂಥ ಸಾಲಿನ ಮುಂದೆ ನಿಂತು ಲಿವರ್ ಎಳೆದರೆ ಮುಚ್ಚಳ ಮಿಸುಕಲ್ಲ ಅಂದರೆ ಯಾರಿಗಾದರೂ ಬೆವರು ಬರುತ್ತೆ.

ಈಗ ಆತುರ ಇಲ್ಲ. ಅತ್ತಿಗೇನ ಕರಿ. ಅವರು ಡ್ರೈವರ್ ಸೀಟಿನಲ್ಲಿ ಕೂತು ಲಿವರ್ ಎಳೀಲಿ, ನೀನು ಇಲ್ಲಿ ಮುಚ್ಚಳಕ್ಕೆ ಕಿವಿ ಕೊಟ್ಟು ನಿಂತ್ಕೊ. ಕೆಟ್ಟಿರೋದು ಯಾವ ತುದೀಲಿ ಅಂತ ಒಬ್ಬರಿಗೇ ಗೊತ್ತಾಗಲ್ಲ. ಲಿವರ್ ಒಂದು ಕಡೆ, ಮುಚ್ಚಳ ಇನ್ನೊಂದು ಕಡೆ.

ಆ ಲಿವರಿನಿಂದ ಹಿಂದಿನ ಚಕ್ರದ ಮೇಲಿನ ಗೂಡಿನವರೆಗೂ ಕಾರ್ಪೆಟ್ ಅಡಿಯಲ್ಲಿ ಒಂದು ಕೇಬಲ್ ಹೋಗಿದೆ. ಸೈಕಲ್ ಬ್ರೇಕಿನಲ್ಲಿರೋದೇ ಅದು, ಹೊರಗೆ ಕೊಳವೆ, ಒಳಗೆ ತಂತಿ. ಅರ್ನೆಸ್ಟ್ ಬೌಡನ್ ಅನ್ನೋರು 1896ರಲ್ಲಿ ಅದಕ್ಕೆ ಪೇಟೆಂಟ್ ತಗೊಂಡರು, ಇವತ್ತಿಗೂ ಬೌಡನ್ ಕೇಬಲ್ ಅಂತಲೇ ಹೆಸರು. ಈ ತಂತಿ ಎಳೆಯಬಲ್ಲದು, ತಳ್ಳಲಾರದು. ಲಿವರ್ ಎತ್ತಿದರೆ ಮುಚ್ಚಳ ಹಿಡಿದಿರೋ ಮೊಳೆ ಹಿಂದಕ್ಕೆ ಸರಿಯುತ್ತೆ, ಅಷ್ಟೇ ಅದರ ಕೆಲಸ. ಮುಚ್ಚಳವನ್ನ ಹೊರಕ್ಕೆ ಚಿಮ್ಮಿಸೋದು ಒಳಗಿರೋ ಪುಟ್ಟ ತಗಡಿನ ಸ್ಪ್ರಿಂಗು. ಲಿವರ್ ಸಡಿಲವಾಗಿ, ಹಿಡಿತವೇ ಇಲ್ಲದ ಹಾಗೆ ಮೇಲಕ್ಕೆ ಬಂದರೆ ತಂತಿ ಕಿತ್ತಿದೆ, ಇಲ್ಲಾ ಕ್ಲಿಪ್ಪಿನಿಂದ ಜಾರಿದೆ. ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ತುಕ್ಕು. ಎಳೆದಾಗ ಇಲ್ಲಿ ಟಕ್ ಅಂತ ಸದ್ದು ಬಂದೂ ಮುಚ್ಚಳ ಏಳದಿದ್ದರೆ ಮೊಳೆ ಸರಿದಿದೆ, ಸ್ಪ್ರಿಂಗು ಸೋತಿದೆ ಅಂತ ಲೆಕ್ಕ.

ಕೇಳಿಸ್ತಾ? ಟಕ್ ಅಂತು. ಹಾಗಾದರೆ ಗಾಬರಿ ಬೇಡ. ಅತ್ತಿಗೆ, ಲಿವರ್ ಬಿಡಬೇಡಿ, ಎತ್ತಿ ಹಿಡ್ಕೊಂಡೇ ಇರಿ. ಅಣ್ಣ, ನೀನು ಅಂಗೈಯಿಂದ ಮುಚ್ಚಳವನ್ನ ಒಳಕ್ಕೆ ಒತ್ತಿ ಬಿಡು. ಇನ್ನೊಂದ್ಸಲ. ಒಸಿ ಮೇಲ್ಗಡೆ ಒತ್ತು. ಈಗ ಉಗುರು ಹಾಕಿ ಎತ್ತು... ಬಂತಲ್ಲ!

ಮುಚ್ಚಬೇಡ, ಒಳಗೆ ನೋಡು. ಹಿಂಜಿನ ಸುತ್ತ ಎಷ್ಟು ಕೆಮ್ಮಣ್ಣು ಕಟ್ಟಿದೆ! ಚೆಂಡುಹೂ ಕೊಯ್ಲಿನ ಕಾಲದಲ್ಲಿ ಹೊಲದ ದಾರೀಲೇ ಓಡಾಡಿದೆ ಈ ಕಾರು, ಆಮೇಲೆ ಸೋನೆ ಮಳೆ ಹಿಡೀತು, ಮಣ್ಣು ಗಾರೆ ಥರ ಕೂತಿದೆ. ಗೂಡಿನ ತಳದಲ್ಲಿ ಒಂದು ಸಣ್ಣ ತೂತು ಇದೆ ನೋಡು. ಒಳಗೆ ಬಿದ್ದ ಮಳೆನೀರು ಕೆಳಕ್ಕೆ ಇಳಿದು ಹೋಗಲಿ ಅಂತ ಮಾಡಿರೋದು. ಅದು ಕಟ್ಟಿಕೊಂಡಿದೆ, ನೀರು ಅಲ್ಲೇ ನಿಂತು ಸ್ಪ್ರಿಂಗಿಗೆ ತುಕ್ಕು ಬಂದಿದೆ. ಟ್ಯಾಂಕಿನ ಕ್ಯಾಪ್ ಬಿಗಿಯಾಗಿದೆಯಾ ನೋಡ್ಕೊಂಡು ಹಳೇ ಹಲ್ಲುಜ್ಜೋ ಬ್ರಷ್ಷಿನಿಂದ ಉಜ್ಜು, ತೂತಿಗೆ ಮೆತ್ತಗೆ ಕಡ್ಡಿ ಆಡಿಸು. ಒಣಗಿದ ಮೇಲೆ ಹಿಂಜಿಗೆ, ಮೊಳೆಗೆ ಒಂದು ಚೂರು ಗ್ರೀಸು. ಜಾಸ್ತಿ ಮೆತ್ತಿದರೆ ಧೂಳು ಅದಕ್ಕೇ ಅಂಟಿ ಮತ್ತೆ ಇದೇ ಗತಿ. ಸ್ಪ್ರಿಂಗನ್ನ ಬೆರಳಲ್ಲಿ ಒಂಚೂರು ಹೊರಕ್ಕೆ ಬಾಗಿಸು.

ಏನಂದೆ? ಟೇಪ್ ಹಚ್ಚಿ, ಲಾಕ್ ಆಗದ ಹಾಗೆ ಬಿಟ್ಟುಬಿಡ್ತೀಯ? ಒಂದು ದಿನಕ್ಕಾದರೆ ಸರಿ. ಹಾಗೇ ಅಭ್ಯಾಸ ಆದರೆ ಮಳೆನೀರೂ ಒಳಗೆ ಹೋಗುತ್ತೆ, ಸಂತೇಲಿ ನಿಲ್ಲಿಸಿದಾಗ ಪೆಟ್ರೋಲಿಗೂ ಕಾವಲಿಲ್ಲ.

ಲಿವರ್ ಸಡಿಲ ಬಂದಿದ್ದರೂ ದಾರಿ ಇತ್ತು ಕನಣ್ಣ. ಡಿಕ್ಕಿ ತೆಗೆದು ಟ್ಯಾಂಕಿನ ಬಾಯಿ ಇರೋ ಪಕ್ಕದ ಹೊದಿಕೆ ಸರಿಸಿದರೆ ಎಷ್ಟೋ ಕಾರುಗಳಲ್ಲಿ ಆ ಮೊಳೆಯ ಹಿಂಭಾಗ ಕೈಗೆ ಸಿಗುತ್ತೆ, ಮೆಲ್ಲಗೆ ಹಿಂದಕ್ಕೆಳೆದರೆ ಆಯ್ತು. ಕೆಲವದರಲ್ಲಿ ಇದಕ್ಕಂತಲೇ ಒಂದು ದಾರ ಬಿಟ್ಟಿರ್ತಾರೆ. ನನ್ನ ಕೇಳಿದರೆ ಪ್ರತಿ ಕಾರಿಗೂ ಅಂಥ ದಾರ ಕಡ್ಡಾಯ ಇರಬೇಕು, ಅದು ಎಲ್ಲಿದೆ ಅಂತ ಕಾರು ಮಾರುವಾಗಲೇ ಕೈಯಲ್ಲಿ ಮುಟ್ಟಿಸಿ ತೋರಿಸಬೇಕು. ಪುಸ್ತಕದಲ್ಲಿ ಬರೆದಿರುತ್ತೆ, ಸರಿ, ದಾರೀಲಿ ಸಿಕ್ಕಿಹಾಕಿಕೊಂಡಾಗ ಎಷ್ಟು ಜನ ಪುಸ್ತಕ ಬಿಚ್ಚುತ್ತಾರೆ?

ಮೊಗ ಮೈಸೂರಿಂದ ತಂದಿತ್ತಲ್ಲ ಹೊಸ ಕಾರು, ಅದರಲ್ಲಿ ಲಿವರೇ ಇಲ್ಲ. ಮುಚ್ಚಳ ಒತ್ತಿದರೆ ತಾನೇ ಏಳುತ್ತೆ, ಅದಕ್ಕೂ ಬಾಗಿಲುಗಳ ಸೆಂಟ್ರಲ್ ಲಾಕಿಗೂ ಸಂಬಂಧ ಇಟ್ಟಿರ್ತಾರೆ. ಬಾಗಿಲು ಲಾಕ್ ಆಗಿದ್ದರೆ ಎಷ್ಟು ಒತ್ತಿದರೂ ಏಳಲ್ಲ. ಮೊದಲು ಎಲ್ಲಾ ಬಾಗಿಲೂ ಅನ್‌ಲಾಕ್ ಮಾಡಿ ಆಮೇಲೆ ಒತ್ತಬೇಕು. ಆಗಲೂ ಏಳದಿದ್ದರೆ ಫ್ಯೂಸು, ಬ್ಯಾಟರಿ ನೋಡಬೇಕು.

ಅತ್ತಿಗೆ ಕೇಳ್ತಿದ್ದಾರೆ, ಮೀಟರಲ್ಲಿ ಪಂಪಿನ ಚಿತ್ರದ ಪಕ್ಕ ಇರೋ ಬಾಣ ಏನು ಅಂತ. ಮುಚ್ಚಳ ಯಾವ ಪಕ್ಕಕ್ಕಿದೆ ಅಂತ ಹೇಳೋ ಬಾಣ ಅದು ಅತ್ತಿಗೆ. ಅಮೆರಿಕದ ಫೋರ್ಡ್ ಕಂಪನೀಲಿ ಜಿಮ್ ಮಾಯ್ಲನ್ ಅಂತ ಒಬ್ಬರಿದ್ದರು. 1986ರಲ್ಲಿ ಮಳೆ ಸುರಿಯುವಾಗ ಬಂಕಿನಲ್ಲಿ ತಪ್ಪು ಪಕ್ಕ ನಿಲ್ಲಿಸಿ ನೆನೆದು ತೊಪ್ಪೆಯಾದರು. ಇನ್ನೊಬ್ಬರು ಹೀಗೆ ನೆನೆಯಬಾರದು, ಅಲ್ಲೊಂದು ಗುರುತು ಹಾಕಿ ಅಂತ ಕಂಪನಿಗೆ ಬರೆದುಕೊಟ್ಟರು. ಈಗ ಬಹುತೇಕ ಎಲ್ಲಾ ಕಂಪನಿಯವರೂ ಹಾಕ್ತಾರೆ. ಎಷ್ಟು ಸಣ್ಣ ಗೆರೆ, ದಿನಾ ಎಷ್ಟು ಜನಕ್ಕೆ ಉಪಕಾರ! ನನಗೆ ಆ ಮನುಷ್ಯನ ಮೇಲೆ ತುಂಬಾ ಗೌರವ.

ಇಷ್ಟೆಲ್ಲಾ ಯಾಕೆ ಹೇಳ್ತೀನಿ ಅಂದರೆ, ಮೈಸೂರಲ್ಲಿ ಮುಚ್ಚಳ ಕಚ್ಚಿಕೊಂಡರೆ ಗ್ಯಾರೇಜಿಗೆ ಆಟೋ ಹಿಡಿದು ಹೋಗಬಹುದು. ನಾವಿರೋದು ಬಂಡೀಪುರದ ಅಂಚಲ್ಲಿ. ಇಲ್ಲಿಂದ ಮೂಲೆಹೊಳೆ ದಾಟೋವರೆಗೂ ಇಪ್ಪತ್ತು ಕಿಲೋಮೀಟರ್ ಹತ್ತಿರ ಕಾಡೇ, ಬಂಕಿಲ್ಲ, ಗಾಡಿ ನಿಲ್ಲಿಸೋ ಹಾಗೂ ಇಲ್ಲ. ಅರ್ಧ ದಾರೀಲಿ ಪೆಟ್ರೋಲ್ ಮುಗಿದರೆ ಎದುರಿಗೆ ಆನೆ ಹಿಂಡು ಬಂದರೂ ಬರಬಹುದು. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗೇಟ್ ಮುಚ್ಚುತ್ತಾರೆ, ಊಟಿ ರಸ್ತೆಯ ಮೇಲುಕಾಮನಹಳ್ಳಿ ಗೇಟೂ ಹಾಗೇ. ಆಂಬುಲೆನ್ಸು, ಗೊತ್ತುಮಾಡಿದ ಕೆಲವು ಬಸ್ಸು ಬಿಟ್ಟರೆ ಯಾರನ್ನೂ ಬಿಡಲ್ಲ. ಮುಚ್ಚೋದು ಸರಿ ಅಂತಲೇ ನಾನು ಹೇಳೋದು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ರಾತ್ರಿಯಾದರೂ ಆ ಜೀವಗಳು ರಸ್ತೆ ದಾಟಿಕೊಳ್ಳಲಿ. ಅದಕ್ಕೆ ಹೊಂದಿಕೊಂಡು ನಡೆಯೋದು ನಮ್ಮ ಪಾಲಿನ ಕೆಲಸ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯೋಕೆ ಬಿಡಬಾರದು, ಮುಚ್ಚಳ ತೆಗೆದು ಹಾಕಿ ಮಾಡ್ತಿರಬೇಕು. ಒಸಿ ಬಿಗಿ ಬಂದಾಗಲೇ ನೋಡಿಕೊಂಡರೆ ನಿನ್ನೆಯಂಥ ಪರದಾಟ ಇರಲ್ಲ.

ನಾಳೆ ಸುಲ್ತಾನ್ ಬತ್ತೇರಿಗೆ ಹೋಗೋಕೆ ಮುಂಚೆ ಪೇಟೇಲಿ ಸ್ಪ್ರಿಂಗ್ ಬದಲಾಯಿಸ್ಕೊ. ಕಳಚಿದಾಗ ಕೇಬಲ್ಲನ್ನೂ ಎಳೆದು ನೋಡು ಅಂತ ಮೆಕ್ಯಾನಿಕ್ಕಿಗೆ ಹೇಳು, ಎಳೆ ಬಿಚ್ಚಿದ್ದರೆ ಅದೂ ಹೊಸದಾಗಲಿ. ಹಳೇದನ್ನ ಅಲ್ಲೇ ಬಿಸಾಕಬೇಡ, ಅಂಗಡೀಲಿ ತೋರಿಸಿ ಅದೇ ಉದ್ದದ್ದು ತಗೊ.