ಸಿಂಗಲ್ ಪೀಸ್ ಕೂಡ ಮಾಡಿಕೊಡಲಾಗುವುದು

ಬರೆಯಲು ಜಾಗ ಸಿಕ್ಕರೆ ನಮ್ಮ ಕಡೆಯ ಮನುಷ್ಯ ಸುಮ್ಮನೆ ಬಿಡುವವನಲ್ಲ. ಮದುವೆಗೆ ತಂಬಿಗೆ ಕೊಟ್ಟರೆ ಅದರ ಕೊರಳ ಸುತ್ತ ಚುಕ್ಕಿ ಚುಕ್ಕಿಯಾಗಿ ತನ್ನ ಹೆಸರು, ಹೆಂಡತಿಯ ಹೆಸರು, ಊರು, ತಾರೀಖು ಎಲ್ಲ ಕೊರೆಸಿಯೇ ಕೊಡುತ್ತಾನೆ. ಇಪ್ಪತ್ತು ವರ್ಷದ ಮೇಲೆ ಆ ತಂಬಿಗೆ ಯಾರ ಮನೆಯಲ್ಲಿ ಕಂಡರೂ ಗುರುತು ಹಿಡಿದು ಜಗಳ ತೆಗೆಯಲು ಅನುಕೂಲ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಹಾದಿ ಹಿಡಿದರೆ ಟ್ರ್ಯಾಕ್ಟರ್ ಟ್ರೇಲರ್‌ಗಳ ಬೆನ್ನು ಓದುತ್ತಲೇ ಅರ್ಧ ದಾರಿ ಸವೆಯುತ್ತದೆ. ಒಂದರ ಮೇಲೆ ತಾಯಿಯ ಆಶೀರ್ವಾದ, ಮುಂದಿನದರ ಮೇಲೆ ರೈತನ ಮಗ, ಅದರ ಮುಂದಿನದರ ಮೇಲೆ ಹೊಟ್ಟೆಕಿಚ್ಚಿನವರಿಗೆ ಒಂದು ಎಚ್ಚರಿಕೆ. ಹಿಂದಿನ ತಲೆಮಾರಿನ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳದೆ ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ಯಾರಾದರೂ ಕೇಳಿದರೆ ಕೈ ಮುಂದೆ ಮಾಡಿದರಾಯಿತು.

ಇಂಥ ಊರಿನಲ್ಲಿ ಎದೆಯಷ್ಟು ಅಗಲದ ಜಾಗ ಎಷ್ಟೋ ವರ್ಷ ಬೇರೆಯವರ ಪಾಲಾಗಿತ್ತು. ಸಂತೆಯಲ್ಲಿ ರಾಶಿ ಹಾಕಿ ಮಾರುತ್ತಿದ್ದ ಟಿ-ಶರ್ಟುಗಳ ಮೇಲೆ ಇರುತ್ತಿದ್ದುದು ಕ್ಯಾಲಿಫೋರ್ನಿಯಾ, ಚಿಕಾಗೊ ಬುಲ್ಸ್, ಇಲ್ಲವೇ ಕಾಗುಣಿತ ತಪ್ಪಿದ ಬೂಟಿನ ಕಂಪನಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಬಾಕಿ ಉಳಿಸಿಕೊಂಡ ಹುಡುಗ ಹಾರ್ವರ್ಡ್ ಎಂದು ಬರೆದ ಅಂಗಿ ತೊಟ್ಟು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ. ಎಮ್ಮೆಗೂ ಹಾರ್ವರ್ಡಿಗೂ ಅದರಿಂದ ಏನೂ ಬಾಧೆಯಾಗಲಿಲ್ಲ. ಆದರೆ ಅವನ ಊರಿನ ಹೆಸರಿನ ಅಂಗಿ ಜಗತ್ತಿನ ಯಾವ ಅಂಗಡಿಯಲ್ಲೂ ಇರಲಿಲ್ಲ.

ಇರಲು ಸಾಧ್ಯವೂ ಇರಲಿಲ್ಲ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಪರದೆ ಕಟ್ಟಬೇಕು. ಮೂರು ಬಣ್ಣದ ಚಿತ್ರಕ್ಕೆ ಮೂರು ಪರದೆ. ಅಷ್ಟು ಕಷ್ಟಪಟ್ಟು ಒಂದೇ ಅಂಗಿ ಅಚ್ಚು ಹಾಕಿದರೆ ಅದರ ಬೆಲೆಗೆ ಆಡಿನ ಮರಿ ಬರುತ್ತದೆ. ಹಾಗಾಗಿ ಅಚ್ಚಿನವನು ಮೊದಲೇ ಕೇಳುತ್ತಿದ್ದ, “ಎಷ್ಟ್ ಪೀಸ್ ಅದಾವ್ರಿ?” ಐವತ್ತರ ಮಾತಿದ್ದರೆ ಮಾತ್ರ ಕುರ್ಚಿ ಹಾಕುತ್ತಿದ್ದ. ಐವತ್ತು ಎದೆ ಇದ್ದದ್ದು ರಾಜಕೀಯ ಪಕ್ಷಗಳಿಗೆ, ಸಿಮೆಂಟ್ ಕಂಪನಿಗಳಿಗೆ. ಒಬ್ಬನೇ ಇದ್ದವನಿಗೆ ಮಾತಿರಲಿಲ್ಲ.

ಈಗ ಬಂದಿರುವ ವಿಧಾನವನ್ನು ಡಿಟಿಎಫ್ ಅನ್ನುತ್ತಾರೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಚಿತ್ರವನ್ನು ತಿರುಗುಮುರುಗಾಗಿ ಮುದ್ರಿಸಿ, ಅದರ ಮೇಲೆ ಅಂಟಿನ ಪುಡಿ ಉದುರಿಸಿ, ಕಾಯಿಸಿ, ಅಂಗಿಯ ಮೇಲಿಟ್ಟು ಬಿಸಿ ಯಂತ್ರದಿಂದ ಒತ್ತುವುದು. ಹಂಚಿನ ಮೇಲೆ ರೊಟ್ಟಿ ಬೇಯುವುದಕ್ಕಿಂತ ಕಡಿಮೆ ಹೊತ್ತು ಸಾಕು. ಎಷ್ಟು ಬಣ್ಣವಾದರೂ ಇರಲಿ, ಒಂದೇ ಅಂಗಿಯಾದರೂ ಇರಲಿ, ಯಂತ್ರಕ್ಕೆ ಬೇಸರವಿಲ್ಲ. ನಮ್ಮ ಅಕ್ಕನ ಮಗ ಅಂಥದೊಂದು ಬಿಸಿ ಯಂತ್ರವನ್ನು ಜೋಳದ ಚೀಲ ಇಡುತ್ತಿದ್ದ ಕೋಣೆಯಲ್ಲಿ ತಂದಿಟ್ಟು, ಫೋನಿನಲ್ಲಿ ಅಂಗಡಿ ತೆರೆದು, “ಸಿಂಗಲ್ ಪೀಸ್ ಕೂಡ ಮಾಡಿಕೊಡಲಾಗುವುದು” ಎಂದು ಬರೆದುಕೊಂಡ. ಅಕ್ಕನಿಗೆ ಇದು ಅಂಗಡಿ ಎಂದು ಇನ್ನೂ ನಂಬಿಕೆಯಿಲ್ಲ. ಬಾಗಿಲಿಲ್ಲ, ಬೋರ್ಡಿಲ್ಲ, ಶುಕ್ರವಾರ ಪೂಜೆ ಮಾಡಲು ಗಲ್ಲೆಯೂ ಇಲ್ಲ. ಕೊನೆಗೆ ಲ್ಯಾಪ್‌ಟಾಪಿಗೇ ಕುಂಕುಮ ಹಚ್ಚಿ ಸಮಾಧಾನ ಮಾಡಿಕೊಂಡಿದ್ದಾಳೆ.

ಕನ್ನಡದಲ್ಲಿ ಅಂಗಿ ಬರೆಯುವವನ ಮೊದಲ ಶತ್ರು ಒತ್ತಕ್ಷರ. ಫೋಟೋಶಾಪಿನಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ಒಂದು ಸೆಟ್ಟಿಂಗ್ ಇದೆ. ಅದನ್ನು ಆರಿಸದಿದ್ದರೆ ಕೆಳಗೆ ಕೂರಬೇಕಾದ ಅಕ್ಷರಗಳು ಎದ್ದು ಸಾಲಿಗೆ ಬಂದು ನಿಲ್ಲುತ್ತವೆ. ಚೆನ್ನಮ್ಮ ‘ಚೆನ್‌ನಮ್‌ಮ’ ಆಗುತ್ತಾಳೆ, ಹುಬ್ಬಳ್ಳಿ ‘ಹುಬ್‌ಬಳ್‌ಳಿ’ ಆಗುತ್ತದೆ. ಬೆಂಗಳೂರಿನ ದೊಡ್ಡ ದೊಡ್ಡ ಫ್ಲೆಕ್ಸುಗಳಲ್ಲಿಯೇ ಇದು ರಾಜಾರೋಷವಾಗಿ ನಡೆಯುವಾಗ ಜೋಳದ ಕೋಣೆಯ ಹುಡುಗನನ್ನು ಏನನ್ನುವುದು? ಆದರೂ ಅವನು ಹಟ ಹಿಡಿದು ಕಲಿತ. ಕನ್ನಡಕ್ಕೆ ಈಗ ಅಂದದ ಅಕ್ಷರ ವಿನ್ಯಾಸಗಳೂ ಪುಕ್ಕಟೆಯಾಗಿ ಸಿಗುತ್ತವೆ. ಅವುಗಳಲ್ಲಿ ಒಂದರ ಹೆಸರೇ ‘ಹುಬ್ಬಳ್ಳಿ’. ಅದನ್ನು ರೂಪಿಸಿದವರು ಎರಿನ್ ಮೆಕ್‌ಲಾಫ್ಲಿನ್ ಎಂಬ ಅಮೆರಿಕದ ವಿನ್ಯಾಸಗಾರ್ತಿ. ಧಾರವಾಡದ ಆಚೆಯ ದೊಡ್ಡ ಹುಬ್ಬಳ್ಳಿಯವರು ಅದು ತಮ್ಮದೆನ್ನಬಹುದು. ಉತಾರ ತೋರಿಸುವ ತನಕ ಅರ್ಧ ಪಾಲು ನಮ್ಮದು.

ಈ ದೊಡ್ಡ ಹುಬ್ಬಳ್ಳಿಯ ಕಾಟ ಅಕ್ಷರಕ್ಕೆ ಮುಗಿಯುವುದಿಲ್ಲ. ನಮ್ಮೂರಿನ ಪೂರ್ತಿ ಹೆಸರು ಮುಗುಟಖಾನ ಹುಬ್ಬಳ್ಳಿ. ಅಷ್ಟುದ್ದ ಬರೆಯಲು ಯಾರಿಗೂ ಪುರುಸೊತ್ತಿಲ್ಲ. ಕಳಿಸುವವರು ಎಂ.ಕೆ. ಬಿಟ್ಟರೆ ಖಾಲಿ ಅಂಗಿಗಳ ಪಾರ್ಸೆಲ್ ಹೆದ್ದಾರಿಯಲ್ಲಿ ನಮ್ಮ ಕಣ್ಣ ಮುಂದೆಯೇ ಮಲಪ್ರಭೆ ದಾಟಿ, ಕಿತ್ತೂರು ದಾಟಿ, ಧಾರವಾಡ ದಾಟಿ ಹೋಗಿ ಅಲ್ಲಿ ಯಾವುದೋ ಗೋದಾಮಿನಲ್ಲಿ ವಿಶ್ರಾಂತಿ ಪಡೆಯುತ್ತದೆ. 580ರಿಂದ ಶುರುವಾಗುವ ಪಿನ್‌ಕೋಡ್ ಅವರದು, 591ರದು ನಮ್ಮದು ಎಂದು ಅಳಿಯ ಫೋನಿನಲ್ಲಿ ವಿವರಿಸುತ್ತಿರುತ್ತಾನೆ. ಆಚೆಯವನು ಕೇಳುತ್ತಾನೆ, “ಸರ್, ಹಳೇ ಹುಬ್ಬಳ್ಳಿನಾ, ಹೊಸಾ ಹುಬ್ಬಳ್ಳಿನಾ?”

ನಮ್ಮ ಭಾಗದ ಟಿ-ಶರ್ಟಿನ ಪಂಚಾಂಗ ಬೇರೆಯೇ ಇದೆ. ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15ರಂದು, ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಸ್ವಾತಂತ್ರ್ಯ ಬರುವ ಎಷ್ಟೋ ಮುಂಚೆಯೇ ಆ ಎರಡು ತಾರೀಖುಗಳನ್ನು ಅವನು ಕಾದಿರಿಸಿದ್ದ. ಹೀಗಾಗಿ ಆ ಎರಡೂ ದಿನ ದೇಶದ್ದೂ ರಾಯಣ್ಣನದೂ ಸೇರಿ ದುಪ್ಪಟ್ಟು ಆರ್ಡರ್. ಗಣಪತಿ ಮಂಡಳಿಗಳದು ಒಂದು ಸುಗ್ಗಿ. ಕಿತ್ತೂರಿನ ಸೈನ್ಯ 1824ರಲ್ಲಿ ಕಲೆಕ್ಟರ್ ಥ್ಯಾಕರೆಯನ್ನು ಉರುಳಿಸಿದ ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ. ಅದರ ಬೆನ್ನಿಗೇ ನವೆಂಬರ್ 1. ಬೆಳಗಾವಿಯ ಮೆರವಣಿಗೆಗೆ ಹೋಗುವವರಿಗೆ ಹಳದಿ ಕೆಂಪು ಬೇಕು. ಚಳಿಗಾಲದ ಹುಣ್ಣಿಮೆಗಳಿಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವ ಗೆಳೆಯರ ಬಳಗಗಳು ಹಳದಿ ಅಂಗಿಯನ್ನೇ ಕೇಳುತ್ತವೆ. ಗುಡ್ಡದ ಭಂಡಾರ ಬಿದ್ದರೂ ಕಾಣಬಾರದಲ್ಲ! ಬಸವ ಜಯಂತಿಗೆ ವಚನದ ಅಂಗಿ. ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಸ್ಥಳ ನಮ್ಮೂರಿನ ಹೊಳೆಯಲ್ಲೇ ಇರುವುದರಿಂದ ಇಲ್ಲಿ ವಚನ ತಪ್ಪು ಬರೆದು ದಕ್ಕಿಸಿಕೊಳ್ಳುವ ಹಾಗಿಲ್ಲ. ಅಂಕಿತನಾಮ ಒಂದಕ್ಷರ ಜಾರಿದರೆ ಸಂಜೆಯೊಳಗೆ ಹಿರಿಯರೊಬ್ಬರ ಫೋನು ಬರುತ್ತದೆ. ಅವರು ಅಂಗಿ ಮಾತ್ರ ಕೊಳ್ಳುವುದಿಲ್ಲ.

ರಾಯಣ್ಣನ ಚಿತ್ರದ್ದು ಇನ್ನೊಂದು ಕಥೆ. ಅವನ ಕಾಲಕ್ಕೆ ಕ್ಯಾಮರಾ ಇರಲಿಲ್ಲ. ಮೀಸೆ, ಮುಂಡಾಸು, ಕತ್ತಿ ಎಲ್ಲ ಆಮೇಲಿನ ಕಲಾವಿದರ ಭಕ್ತಿಯಿಂದ ಮೂಡಿದವು. 2012ರಲ್ಲಿ ಅವನ ಕಥೆಯ ಸಿನಿಮಾ ಬಂದ ಮೇಲೆ ಅಂಗಿಗಳ ಮೇಲಿನ ರಾಯಣ್ಣನ ಗಲ್ಲ ಮೂಗು ನಿಧಾನಕ್ಕೆ ಅದರ ನಾಯಕ ನಟ ದರ್ಶನ್ ಅವರ ಕಡೆ ವಾಲಿದವು. ಅಳಿಯ ಸ್ವಂತ ಕೈಯಿಂದ ಬೇರೆ ಮುಖ ಬರೆದು ತೋರಿಸಿದ. ಗಿರಾಕಿ ಹುಡುಗ ಬಹಳ ಹೊತ್ತು ನೋಡಿ, “ಚೊಲೋ ಐತಿ ಅಣ್ಣಾ, ಆದ್ರ ರಾಯಣ್ಣನ ಗತೆ ಇಲ್ಲ” ಅಂದ.

ಆಗಸ್ಟಿನಲ್ಲಿ ತ್ರಿವರ್ಣದ ಅಂಗಿ ಕೇಳಿಕೊಂಡು ಬರುವವರಿಗೆ ಅಳಿಯ ಒಂದು ಸಣ್ಣ ಭಾಷಣ ಮಾಡುತ್ತಾನೆ. ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜದ ಮೇಲೆ ಯಾವ ಅಕ್ಷರವನ್ನೂ ಬರೆಯುವಂತಿಲ್ಲ, ಧ್ವಜವನ್ನು ಉಡುಪಿನ ಬಟ್ಟೆಯ ಮೇಲೆ ಅಚ್ಚು ಹಾಕುವಂತೆಯೂ ಇಲ್ಲ. ಬರೆಯುವ ಚಟದ ಈ ಸೀಮೆಯಲ್ಲೇ ಆ ಬರೆಯಬಾರದ ಬಟ್ಟೆಯೂ ತಯಾರಾಗುತ್ತದೆ ಎಂಬುದು ನನಗೆ ಬಹಳ ಇಷ್ಟದ ಸಂಗತಿ. ಧಾರವಾಡ ತಾಲೂಕಿನ ಗರಗದಲ್ಲಿ 1954ರಲ್ಲಿ ಶುರುವಾದ ಖಾದಿ ಸಂಸ್ಥೆ ಧ್ವಜದ ಬಟ್ಟೆಗೆ ಹೆಸರಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಇಡೀ ಧ್ವಜವೇ ಸಿದ್ಧವಾಗುತ್ತದೆ. 2021ರ ಕೊನೆಯಲ್ಲಿ ಪಾಲಿಯೆಸ್ಟರ್ ಧ್ವಜಕ್ಕೂ ಯಂತ್ರದ ಧ್ವಜಕ್ಕೂ ಅನುಮತಿ ಸಿಕ್ಕ ಮೇಲೆ ನೂಲುವ ಹೆಂಗಸರ ಕೆಲಸಕ್ಕೆ ಪೆಟ್ಟು ಬಿತ್ತು. ಖಾದಿ ಬಾವುಟ ತುಟ್ಟಿ ಅನ್ನುವವರು ಅದೇ ಬಾಯಲ್ಲಿ ಟಿ-ಶರ್ಟಿಗೆ ಪಾಲಿಯೆಸ್ಟರ್ ಬೇಡ, ಮೈ ಬೆವರುತ್ತದೆ ಅನ್ನುತ್ತಾರೆ. ಬಾವುಟ ಬೆವರುವುದಿಲ್ಲವಲ್ಲ.

ಅಂಗಿಗೆ ಬೇಕಾದ ಮಾತಿಗೆ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಬರವಿಲ್ಲ. 2019ರ ಉಪಚುನಾವಣೆಯ ಹೊತ್ತಿನಲ್ಲಿ ಕಾಗವಾಡ ಕ್ಷೇತ್ರದ ಐನಾಪುರದಲ್ಲಿ ಸಿದ್ದರಾಮಯ್ಯನವರು ಭಾಷಣ ಮಾಡುತ್ತಿದ್ದಾಗ ಸಭೆಯಲ್ಲಿದ್ದ ಒಬ್ಬರು “ಹೌದ್ದೋ ಹುಲಿಯಾ” ಎಂದು ಕೂಗಿದರು. ಭಾಷಣ ಮರೆತುಹೋಯಿತು, ಹುಲಿಯಾ ರಾಜ್ಯವನ್ನೇ ಸುತ್ತಿತು, ಹಾಡಾಯಿತು, ಅಂಗಿಯಾಯಿತು. ಯಾವ ಡಿಸೈನರ್ ತಲೆ ಕೆರೆದುಕೊಂಡರೂ ಅಂಥ ಎರಡು ಮಾತು ಹುಟ್ಟಿಸಲಾರ. ಅವನ ಕೆಲಸ ಕಿವಿ ತೆರೆದಿಟ್ಟುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕೂರುವುದು. ಆದರೆ ಒಳ್ಳೆಯ ಅಂಗಿಯೊಂದು ನಾಲ್ಕು ಮಂದಿಯ ಮೈಮೇಲೆ ಕಂಡಿತೋ, ವಾರದೊಳಗೆ ಅದೇ ಅಕ್ಷರ, ಅದೇ ಚಿತ್ರ ರಸ್ತೆ ಬದಿಯ ಹಗ್ಗದ ಮೇಲೆ ಅರ್ಧ ದರಕ್ಕೆ ತೂಗಾಡುತ್ತಿರುತ್ತದೆ. ಚಿತ್ರ ಬರೆದವನಿಗೆ ಕಾಪಿರೈಟ್ ಬರೆದ ಗಳಿಗೆಯಿಂದಲೇ ಇದೆ ಎನ್ನುತ್ತದೆ ಕಾನೂನು. ಅದನ್ನು ಹಗ್ಗದವನಿಗೆ ಹೇಳಿದರೆ ಅವನು ಸಂತೋಷಪಟ್ಟು, “ಹೌದಾ ತಮ್ಮಾ? ಹಂಗಾರ ಇನ್ನೊಂದ್ ಡಿಸೈನ್ ಹಾಕು” ಅನ್ನುತ್ತಾನೆ.

ಹೊರ ರಾಜ್ಯದ ಗಿರಾಕಿಗಳಿಗೆ ಅಳಿಯನ ಪದ್ಧತಿ ಬೇರೆ. ಇವನು ಇಲ್ಲಿ ಚಿತ್ರ ಬರೆಯುತ್ತಾನೆ. ಪುಣೆಯಲ್ಲಿರುವ ಬೈಲಹೊಂಗಲದ ಹುಡುಗಿ ಅಲ್ಲಿ ದುಡ್ಡು ಕಟ್ಟುತ್ತಾಳೆ. ತಮಿಳುನಾಡಿನ ತಿರುಪ್ಪೂರಿನಲ್ಲಿ ಯಾರೋ ಅದನ್ನು ಅಚ್ಚು ಹಾಕಿ, ಇವನ ಅಂಗಡಿಯ ಹೆಸರಿನ ಚೀಲದಲ್ಲಿ ತುಂಬಿ ನೇರವಾಗಿ ಪುಣೆಗೆ ಕಳಿಸುತ್ತಾರೆ. ಮಾಲೀಕನೇ ತನ್ನ ಮಾಲನ್ನು ಮುಟ್ಟಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಅಂಡಿಗೆ ಒಟ್ಟಿದ್ದನ್ನು, ರಾಮದುರ್ಗದ ಓಣಿಗಳಲ್ಲಿ ಮಗ್ಗ ಬಡಿಯುವುದನ್ನು ನೋಡುತ್ತ ಬೆಳೆದ ನಮಗೆ ಇದು ಚೋದ್ಯವೇ. ಹತ್ತಿ ಬೆಳೆಯುವ ನಾಡಿಗೆ ಟಿ-ಶರ್ಟು ತಿರುಪ್ಪೂರಿನಿಂದ ಬರುತ್ತದೆ, ನಮ್ಮ ಪಾಲಿಗೆ ಉಳಿಯುವುದು ಅದರ ಮೇಲಿನ ನಾಲ್ಕು ಅಕ್ಷರ. ಇರಲಿ, ಅಕ್ಷರವಾದರೂ ನಮ್ಮದಾಯಿತಲ್ಲ.

ತೆರಿಗೆಯವರ ಭೂಗೋಳವೂ ವಿಚಿತ್ರ. ಸರಕು ಮಾರುವವನ ವಹಿವಾಟು ವರ್ಷಕ್ಕೆ 40 ಲಕ್ಷದೊಳಗಿದ್ದು, ಅದೆಲ್ಲ ಕರ್ನಾಟಕದೊಳಗೇ ಇದ್ದರೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆನ್‌ಲೈನ್ ಸಂತೆಗಳ ಮೂಲಕ ಮಾರುವ ಸಣ್ಣವರಿಗೂ 2023ರ ಅಕ್ಟೋಬರ್ 1ರಿಂದ ಈ ಸವಲತ್ತು ಸಿಕ್ಕಿತು. ಗಡಿಯಾಚೆ ಒಂದೇ ಅಂಗಿ ಹೋದರೂ ನೋಂದಣಿ ಬೇಕು. ನಮ್ಮೂರಿಗೆ ಬೆಂಗಳೂರಿಗಿಂತ ಕೊಲ್ಹಾಪುರ ಎಷ್ಟೋ ಹತ್ತಿರ, ಅರ್ಧ ಬೀಗರು ಆ ಕಡೆಯವರೇ. ಆದರೂ ಬೀದರಿಗೆ ನೂರು ಅಂಗಿ ಕಳಿಸಿದವನು ಸಣ್ಣ ವ್ಯಾಪಾರಿ, ಕೊಲ್ಹಾಪುರಕ್ಕೆ ಒಂದು ಕಳಿಸಿದವನು ಅಂತರರಾಜ್ಯ ವರ್ತಕ. ಅಳಿಯ ನೋಂದಣಿ ಮಾಡಿಸಿದ್ದಾನೆ. ಪ್ರಮಾಣಪತ್ರವನ್ನು ಅಕ್ಕ ಕಟ್ಟು ಹಾಕಿಸಿ ದೇವರ ಕೋಣೆಯಲ್ಲಿಟ್ಟಿದ್ದಾಳೆ.

ಇಷ್ಟೆಲ್ಲ ದಾಟಿ ಬಂದವನನ್ನು ಕೊನೆಗೆ ಕೆಡವುವುದು ನೆಂಟಸ್ತನ. “ಹೆಂಗೂ ಮಿಷಿನ್ ಐತಲ್ಲ, ನಮ್ಮ ಸಣ್ಣವನ ಬರ್ತ್‌ಡೇಕ್ಕ ಒಂದ್ ಹಾಕಿ ಕೊಡಪಾ” ಎಂದು ಕಾಕಾ, ದೊಡ್ಡಪ್ಪ, ಅತ್ತೆ ಸರದಿಯಲ್ಲಿ ಬರುತ್ತಾರೆ. ಕರೆಂಟಿಗೆ, ಹಾಳೆಗೆ, ಖಾಲಿ ಅಂಗಿಗೆ ದುಡ್ಡು ಬೀಳುತ್ತದೆ ಎಂದರೆ, “ಎಲ್ಲಾ ರೊಕ್ಕದಾಗ ನೋಡ್ತಿಯಲ್ಲೋ” ಎಂಬ ಮಾತು. ಹೃದಯದ ಚಿತ್ರ ಹಾಕಿ ನ್ಯೂಯಾರ್ಕನ್ನು ಪ್ರೀತಿಸುತ್ತೇನೆ ಎನ್ನುವ ಜಗತ್ಪ್ರಸಿದ್ಧ ಗುರುತನ್ನು 1970ರ ದಶಕದಲ್ಲಿ ಮಿಲ್ಟನ್ ಗ್ಲೇಸರ್ ತನ್ನ ಊರಿಗಾಗಿ ಸಂಭಾವನೆ ಪಡೆಯದೇ ಮಾಡಿಕೊಟ್ಟ. ಆಮೇಲೆ ಅದರಿಂದ ರಾಜ್ಯಕ್ಕೆ ಕೋಟಿಗಟ್ಟಲೆ ಬಂತು. ಈ ಕಥೆಯನ್ನು ಅಳಿಯನ ಉತ್ತೇಜನಕ್ಕೆಂದು ನಾನೇ ಹೇಳಿದೆ. ಅವನು ತಲೆ ಎತ್ತದೆ, “ಮಾಮಾ, ಅವ್ರ್ ಒಂದ್ ಊರಿಗೆ ಫ್ರೀ ಮಾಡಿಕೊಟ್ರು. ನಾ ಬೀಗರ ಊರು ಎಲ್ಲಾದಕ್ಕೂ ಮಾಡಾಕತ್ತೀನ್ರಿ” ಅಂದ.

ಇನ್ನು ಒಗೆತ. ಅಂಗಿಯನ್ನು ತಿರುವಿ ಹಾಕಿ ತಣ್ಣೀರಿನಲ್ಲಿ ಒಗೆಯಿರಿ, ಅಚ್ಚಿನ ಮೇಲೆ ಇಸ್ತ್ರಿ ಬೇಡ ಎಂದು ಪ್ರತಿ ಪೊಟ್ಟಣದಲ್ಲೂ ಚೀಟಿ ಇಡುತ್ತಾನೆ. ಮಲಪ್ರಭೆಯ ದಂಡೆಯ ಒಗೆಯುವ ಕಲ್ಲಿಗೆ ಓದು ಬರಹ ಬಾರದು. ನಾಲ್ಕು ಬಡಿತಕ್ಕೆ ರಾಯಣ್ಣನ ಕತ್ತಿ ಹೋಗುತ್ತದೆ, ಹತ್ತು ಬಡಿತಕ್ಕೆ ಕುದುರೆ.

ಆದರೂ ಈ ಜೋಳದ ಕೋಣೆಯ ವ್ಯಾಪಾರವನ್ನು ನಾನು ಮೆಚ್ಚುತ್ತೇನೆ. ಐವತ್ತು ಮಂದಿ ಜೊತೆಗಿಲ್ಲದವನಿಗೂ, ನಕ್ಷೆಯಲ್ಲಿ ಕಾಣದ ಊರಿನವನಿಗೂ ಅದು ತನ್ನ ಮಾತನ್ನು ತಾನೇ ತೊಟ್ಟು ತಿರುಗುವ ಅವಕಾಶ ಕೊಟ್ಟಿದೆ. ಇಂಥ ಹುಡುಗ ಹುಡುಗಿಯರು ಈಗ ಊರಿಗೊಬ್ಬರಂತೆ ಇದ್ದಾರೆ. ನಿಮಗೂ ನಿಮ್ಮೂರಿನ ಹೆಸರಿನ ಅಂಗಿ ಬೇಕೆನ್ನಿಸಿದರೆ ಅಂಥವರನ್ನೇ ಹುಡುಕಿ. ಕಾಗುಣಿತ ಸರಿನೋಡಿ ಬರೆದು ಕಳಿಸಿ, ಎದೆಯಳತೆಯಲ್ಲಿ ಸುಳ್ಳು ಹೇಳಬೇಡಿ, ಮುಂಗಡ ಕೊಡಿ. ಸಂಬಂಧ ಹೇಳುವುದಿದ್ದರೆ ಬಿಲ್ ಕೊಟ್ಟ ಮೇಲೆ ಹೇಳಿ.