ಊಟದ ಮೇಲೆ ರಾಜೀನಾಮೆ

2021ರ ಜುಲೈ 26. ಸರ್ಕಾರಕ್ಕೆ ಎರಡು ವರ್ಷ ತುಂಬಿತೆಂದು ವಿಧಾನಸೌಧದಲ್ಲಿ ಸಮಾರಂಭ. ಮುಖ್ಯಮಂತ್ರಿ ಯಡಿಯೂರಪ್ಪನವರು ಮೈಕಿನ ಮುಂದೆ ನಿಂತರು. ಪಕ್ಷ ಕಟ್ಟಿದ ಹಳೆಯ ದಿನಗಳನ್ನು ನೆನೆದರು, ವಾಜಪೇಯಿಯವರು ಕೇಂದ್ರಕ್ಕೆ ಕರೆದರೂ ತಾವು ಹೋಗಲಿಲ್ಲ ಎಂದರು, ಗಂಟಲು ಕಟ್ಟಿತು, ಕಣ್ಣೊರೆಸಿಕೊಂಡರು. ಆಮೇಲೆ, ಊಟ ಮುಗಿಸಿ ರಾಜಭವನಕ್ಕೆ ಹೋಗಿ ರಾಜೀನಾಮೆ ಕೊಡುತ್ತೇನೆ ಎಂದುಬಿಟ್ಟರು. ದುಃಖದಿಂದಲ್ಲ, ಸಂತೋಷದಿಂದಲೇ ಎಂದೂ ಸೇರಿಸಿದರು.

ರಾಜಕೀಯ ಪಂಡಿತರಿಗೆ ಆ ಭಾಷಣದಲ್ಲಿ ಏನೇನು ಸೂಕ್ಷ್ಮಗಳು ಕಂಡವೋ ಏನೋ. ನಮ್ಮ ಬೀದಿಯ ಕಟಿಂಗ್ ಶಾಪಿನಲ್ಲಿ ಗದ್ದಕ್ಕೆ ಮಾಸ್ಕ್ ಇಳಿಸಿಕೊಂಡು ಟೀವಿ ನೋಡುತ್ತಿದ್ದವರಿಗೆ ಮಾತ್ರ ಒಂದೇ ಚಿಂತೆ: ಊಟ.

"ಇವತ್ತು ಏನ್ ಮಾಡ್ಸಿರ್ತಾರೆ ಅಣ್ಣಾ?"

"ಎರಡು ವರ್ಷದ ಫಂಕ್ಷನ್ನು. ಹೋಳಿಗೆ ಇರಲೇಬೇಕು."

"ಹೋಳಿಗೆ ತಿಂದು ಯಾರಾದ್ರೂ ರಾಜೀನಾಮೆ ಕೊಡ್ತಾರೇನ್ರೀ?"

"ತಿನ್ನದೆ ಕೊಟ್ರೆ ಉಳಿದದ್ದನ್ನ ಮುಂದೆ ಬರೋನು ತಿಂತಾನಲ್ಲಪ್ಪಾ!"

ಒಂದು ಕೆನ್ನೆಗೆ ಮಾತ್ರ ಶೇವಿಂಗ್ ಆಗಿದ್ದ ಗಿರಾಕಿ ಕೂಡ ಕುರ್ಚಿಯಿಂದಲೇ ತಿರುಗಿ, ರಾಜ್ಯಪಾಲರದು ಊಟ ಆಗಿರುತ್ತೋ ಇಲ್ಲವೋ ಎಂದು ಕಳವಳ ಪಟ್ಟರು. ಹೊಸ ರಾಜ್ಯಪಾಲರು ಬಂದು ಇನ್ನೂ ಸರಿಯಾಗಿ ಒಂದು ತಿಂಗಳಾಗಿರಲಿಲ್ಲ. ಬಂದ ಹೊಸತರಲ್ಲೇ ಮಧ್ಯಾಹ್ನದ ನಿದ್ದೆ ಹಾಳು. ಏನು ಕಾರಣಕ್ಕೆ ಮುಖ್ಯಮಂತ್ರಿ ಇಳಿಯುತ್ತಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ. ಕೇಳುವುದೇನಿದೆ? ವಾರಗಟ್ಟಲೆಯಿಂದ ಟೀವಿಯವರು ಕೆಂಪು ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಾಕಿ ಎಲ್ಲವನ್ನೂ ಹೇಳಿ ಮುಗಿಸಿದ್ದರು. ಇಂದೇ ರಾಜೀನಾಮೆ? ನಾಳೆಯೇ ರಾಜೀನಾಮೆ? ದೆಹಲಿಯಿಂದ ಫೋನ್ ಬಂತೇ? ಕೊನೆಗೆ ರಾಜೀನಾಮೆ ನಿಜವಾಗಿ ಬಂದಾಗ ಪಾಪ, ಆ ಚಿಹ್ನೆ ತೆಗೆಯಲು ಅವರಿಗೆ ಕೈ ಬರಲಿಲ್ಲವೇನೋ ಅನ್ನಿಸಿತು.

ಹಾಗಂತ ನಮ್ಮ ಜನಕ್ಕೆ ಮನಸ್ಸೇ ಇಲ್ಲ ಅಂದುಕೊಳ್ಳಬೇಡಿ. ಶಿಕಾರಿಪುರದಲ್ಲಿ ಅಂಗಡಿಗಳ ಬಾಗಿಲು ಎಳೆದರು. ಅದಕ್ಕೂ ಮುಂಚೆ ನಾನಾ ಮಠಗಳ ಸ್ವಾಮೀಜಿಗಳು ಸಾಲುಸಾಲಾಗಿ ಮುಖ್ಯಮಂತ್ರಿಗಳ ಮನೆಗೆ ಬಂದು, ಇವರೇ ಮುಂದುವರಿಯಲಿ ಎಂದು ಆಶೀರ್ವದಿಸಿ ಹೋಗಿದ್ದರು; ಹಿಂದಿನ ದಿನ ಅರಮನೆ ಮೈದಾನದಲ್ಲಿ ಸಮಾವೇಶವನ್ನೇ ಮಾಡಿದ್ದರು. ನಮ್ಮ ಶಾಪಿನಲ್ಲೂ ಒಬ್ಬರ ಕಣ್ಣು ತುಂಬಿತು. "ಎಪ್ಪತ್ತೆಂಟು ವಯಸ್ಸಿನವರು ಕಣ್ರೀ, ಹಿಂಗೆ ಅಳಿಸಬಾರದಿತ್ತು." ಇದೇ ಮಹಾನುಭಾವರು ಹಿಂದಿನ ದಿನದವರೆಗೆ ತಮ್ಮ ಮನೆ ಮುಂದಿನ ಚರಂಡಿ ಕಟ್ಟಿದ್ದಕ್ಕೂ ಅದೇ ಮುಖ್ಯಮಂತ್ರಿಯನ್ನು ಹೊಣೆ ಮಾಡಿ, ಬರೆಯಲಾಗದ ಮಾತಿನಲ್ಲಿ ಸ್ಮರಿಸುತ್ತಿದ್ದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತ ಗಾದೆ ಇದೆಯಲ್ಲ, ಅದರಂತೆ ಕುರ್ಚಿ ಬಿಟ್ಟ ಗಳಿಗೆಯಿಂದ ಮನುಷ್ಯನಿಗೆ ಇಲ್ಲದ ಗುಣಗಳೆಲ್ಲ ಬಂದು ಸೇರುತ್ತವೆ. ವ್ಯತ್ಯಾಸ ಇಷ್ಟೇ: ನಮ್ಮ ರಾಜ್ಯದ ಎಮ್ಮೆಗಳು ಒಂದೆರಡು ವರ್ಷ ಬಿಟ್ಟು ಎದ್ದು ಬಂದು ಮತ್ತೆ ಕೊಟ್ಟಿಗೆಯಲ್ಲಿ ನಿಲ್ಲುತ್ತವೆ. ಜನಕ್ಕೆ ಇದು ಚೆನ್ನಾಗಿ ಗೊತ್ತು. ಹಾಗಾಗಿಯೇ ರಾಜೀನಾಮೆಯ ದಿನ ಅತ್ತರೂ ಅರ್ಧ ಕರ್ಚೀಫಿನಷ್ಟೇ ಅಳುತ್ತಾರೆ.

ರಾಜೀನಾಮೆಯ ಮಾತು ಬಂದಲ್ಲೆಲ್ಲ ಒಬ್ಬ ನಿವೃತ್ತ ಮೇಷ್ಟ್ರು ಇರಲೇಬೇಕು, ಅವರು ಲಾಲ್ ಬಹದ್ದೂರ್ ಶಾಸ್ತ್ರಿಗಳ ಹೆಸರು ಎತ್ತಲೇಬೇಕು. ನಮ್ಮವರೂ ಎತ್ತಿದರು.

"1956. ಅರಿಯಲೂರಿನಲ್ಲಿ ರೈಲು ಅಪಘಾತ. ಶಾಸ್ತ್ರಿಗಳೇನು ರೈಲು ಓಡಿಸ್ತಿದ್ರೇನ್ರಯ್ಯಾ? ಹಳಿ ಹಾಕಿದ್ರಾ? ಆದ್ರೂ ಬಿಟ್ಟು ನಡೆದರು. ಅದು ರಾಜೀನಾಮೆ!"

ಮೂಲೆಯಲ್ಲಿ ಕೆಎಎಸ್ ಪರೀಕ್ಷೆಗೆ ಓದುವ ಹುಡುಗನೊಬ್ಬ ಸರದಿ ಕಾಯುತ್ತಿದ್ದ. ಪರೀಕ್ಷೆಗೆ ಓದುವವರ ಜತೆ ಹರಟೆ ಅಪಾಯ. ಅವರಿಗೆ ಇಸವಿಗಳೆಲ್ಲ ಬಾಯಿಪಾಠ. "ಸಾರ್, ಅದೇ ವರ್ಷ ಮೆಹಬೂಬ್‌ನಗರದ ಅಪಘಾತಕ್ಕೂ ರಾಜೀನಾಮೆ ಕೊಟ್ಟಿದ್ರು, ನೆಹರೂ ತಗೊಳ್ಳಲಿಲ್ಲ. ಎರಡನೇ ಸಲದ್ದು ತಗೊಂಡ್ರು. 57ರ ಚುನಾವಣೆ ಆದ ಮೇಲೆ ಶಾಸ್ತ್ರಿಗಳು ಮತ್ತೆ ಮಂತ್ರಿ ಆದ್ರು, ಸಾರಿಗೆ ಸಂಪರ್ಕ."

ಮೇಷ್ಟ್ರು ಒಂದು ಕ್ಷಣವೂ ತಡವರಿಸಲಿಲ್ಲ. "ಆಗ್ಲೇಬೇಕಲ್ವೇನಯ್ಯಾ! ಅಂಥವರಾಗದೆ ಇನ್ಯಾರು ಆಗ್ಬೇಕು?"

ನೋಡಿ, ಅಷ್ಟು ಶುದ್ಧವಾದ ರಾಜೀನಾಮೆಯನ್ನೂ ನಮ್ಮ ಜನ ಕೊನೆ ಅಂತ ಒಪ್ಪಲಿಲ್ಲ. ಬಿಟ್ಟದ್ದಕ್ಕೆ ಬಹುಮಾನ ಸಿಗಲೇಬೇಕೆಂಬುದು ಮೇಷ್ಟ್ರ ನ್ಯಾಯ. ಬಹುಮಾನಕ್ಕಾಗಿಯೇ ಬಿಡುತ್ತಾರೆ ಎಂಬುದು ಕಟಿಂಗ್ ಶಾಪಿನ ನ್ಯಾಯ. ಎರಡಕ್ಕೂ ನಮ್ಮ ಚರಿತ್ರೆಯಲ್ಲಿ ಬೇಕಾದಷ್ಟು ಸಾಕ್ಷಿ ಸಿಗುತ್ತದೆ.

ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರನ್ನೇ ತಗೊಳ್ಳಿ. ರಾಜೀನಾಮೆಯನ್ನು ಅಷ್ಟು ಸೊಗಸಾಗಿ ಕೊಟ್ಟವರು ಕಡಿಮೆ. 1984ರ ಕೊನೆಯಲ್ಲಿ ಲೋಕಸಭೆ ಚುನಾವಣೆ. ರಾಜ್ಯದ 28 ಸೀಟುಗಳಲ್ಲಿ ಜನತಾ ಪಕ್ಷಕ್ಕೆ ದಕ್ಕಿದ್ದು 4. ನೈತಿಕ ಹೊಣೆ ಹೊತ್ತೆ ಎಂದು ಹೆಗಡೆ ರಾಜೀನಾಮೆ ಕೊಟ್ಟು, ವಿಧಾನಸಭೆ ವಿಸರ್ಜಿಸಿ ಜನರ ಮುಂದೆ ಬಂದರು. ಮೂರು ತಿಂಗಳ ಹಿಂದೆ ಸೋಲಿಸಿದ್ದ ಅದೇ ಜನ 1985ರಲ್ಲಿ ಅದೇ ಪಕ್ಷಕ್ಕೆ 139 ಸೀಟು ಎತ್ತಿ ಕೊಟ್ಟರು. ಮುಂದಿನ ವರ್ಷ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟು ಛೀಮಾರಿ ಹಾಕಿತೆಂದು ಮತ್ತೆ ರಾಜೀನಾಮೆ; ಈ ಸಲ ದಿನಗಳೊಳಗೆ ವಾಪಸ್. ಜನ ಮೊದಲನೆಯದಕ್ಕೆ ಚಪ್ಪಾಳೆ ಹೊಡೆದರು, ಎರಡನೆಯದಕ್ಕೆ ಮೀಸೆಯಲ್ಲಿ ನಕ್ಕರು. ಮೂರನೆಯ ಸಲ, 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ಪ್ರಕರಣಕ್ಕೆ ರಾಜೀನಾಮೆ ಕೊಟ್ಟಾಗ ಅದು ವಾಪಸ್ ಬರಲಿಲ್ಲ. ಎಸ್.ಆರ್. ಬೊಮ್ಮಾಯಿಯವರು ಬಂದು ಕೂತರು. ಮೂವತ್ತಮೂರು ವರ್ಷದ ಮೇಲೆ, ಆ ಊಟದ ರಾಜೀನಾಮೆಯ ಮಾರನೆ ಮಾರನೆ ದಿನ, ಅವರ ಮಗ ಬಸವರಾಜ ಬೊಮ್ಮಾಯಿ ಪ್ರಮಾಣವಚನ ತಗೊಂಡರು. ಅಪ್ಪನಿಗೂ ಮಗನಿಗೂ ಕುರ್ಚಿ ಸಿಕ್ಕಿದ್ದು ಇನ್ನೊಬ್ಬರು ರಾಜೀನಾಮೆ ಕೊಟ್ಟಿದ್ದರಿಂದ. "ಆ ಮನೆ ಜಾತಕವೇ ಹಂಗಿರಬೇಕು" ಅಂದ ಕಟಿಂಗ್ ಶಾಪಿನವನು, ಕತ್ತರಿ ಆಡಿಸುತ್ತಾ.

ಇಷ್ಟೆಲ್ಲ ಪುರಾಣ ಜನರ ಬಾಯಲ್ಲೇ ಹುಟ್ಟಬೇಕು, ಯಾಕೆಂದರೆ ರಾಜೀನಾಮೆ ಪತ್ರದಲ್ಲಿ ಏನೂ ಇರುವುದಿಲ್ಲ. ಸಂಸದನೋ ಶಾಸಕನೋ ಸದಸ್ಯತ್ವ ಬಿಡುವ ಪತ್ರದಷ್ಟು ಒಣ ಸಾಹಿತ್ಯ ಪ್ರಪಂಚದಲ್ಲಿ ಇನ್ನೊಂದಿಲ್ಲ: ಈ ದಿನದಿಂದ ನನ್ನ ಸ್ಥಾನಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ, ಇಂತಿ. ಕಾರಣ ಬರೆಯಬಾರದು ಅಂತ ಲೋಕಸಭೆಯ ನಿಯಮಾವಳಿಯೇ ಹೇಳುತ್ತದೆ. ಅತ್ತ ಕಾರಣ ಬೇಡ ಅಂದವರು ಇತ್ತ ಇನ್ನೊಂದು ಷರತ್ತು ಇಟ್ಟಿದ್ದಾರೆ. 1974ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು, ಸದಸ್ಯ ಯಾರ ಒತ್ತಾಯವೂ ಇಲ್ಲದೆ ಮನಸಾರೆ ಕೊಟ್ಟಿದ್ದಾನೆ ಅಂತ ಸ್ಪೀಕರಿಗೆ ಮನವರಿಕೆಯಾದರೆ ಮಾತ್ರ ಅಂಗೀಕಾರ ಎಂದರು. ಅಂದರೆ ಯಾಕೆ ಅಂತ ಹೇಳಬಾರದು, ಮನಸಾರೆ ಅಂತ ನಂಬಿಸಬೇಕು. ಸಾಕ್ಷಾತ್ ಬೃಹಸ್ಪತಿಯೇ ಸ್ಪೀಕರ್ ಆಗಿದ್ದರೂ ಬೆವರುತ್ತಿದ್ದ.

2019ರ ಜುಲೈಯಲ್ಲಿ ನಮ್ಮ ವಿಧಾನಸಭೆಯ ಸ್ಪೀಕರ್ ಆಗಿದ್ದವರು ರಮೇಶ್ ಕುಮಾರ್. ಸಮ್ಮಿಶ್ರ ಸರ್ಕಾರದ ಶಾಸಕರು ರಾಜೀನಾಮೆ ಕೊಡಲು ಶನಿವಾರ ಗುಂಪಾಗಿ ಅವರ ಕಚೇರಿಗೆ ನುಗ್ಗಿದರೆ ಆಸಾಮಿ ಸ್ಥಳದಲ್ಲಿಲ್ಲ. ಆ ಮಧ್ಯೆ ಮಂತ್ರಿ ಡಿ.ಕೆ. ಶಿವಕುಮಾರ್ ಓಡಿ ಬಂದು ಒಬ್ಬರ ಪತ್ರ ಹರಿದುಹಾಕಿದ್ದು ಸುದ್ದಿಯಾಯಿತು. ಶಾಸಕರು ಮುಂಬೈಯ ಹೋಟೆಲು ಸೇರಿದರು. ಶಿವಕುಮಾರ್ ಅಲ್ಲಿಗೂ ಹೋಗಿ ಮಳೆಯಲ್ಲಿ ಬಾಗಿಲ ಹೊರಗೆ ಕೂತರು. ಇತ್ತ ಸ್ಪೀಕರು, ಬಂದ ಪತ್ರಗಳಲ್ಲಿ ಎಂಟು ಸರಿಯಾದ ನಮೂನೆಯಲ್ಲೇ ಇಲ್ಲ ಎಂದರು. ಇಷ್ಟು ದಿನ ವಿಧಾನಸಭೆಯಲ್ಲಿ ಕೂತವರಿಗೆ ಎರಡು ಸಾಲಿನ ಪತ್ರ ಬರೆಯಲು ಬರಲಿಲ್ಲವೇ ಅಂತ ನಮ್ಮ ಮೇಷ್ಟ್ರಿಗೆ ಸರ್ಕಾರ ಬಿದ್ದದ್ದಕ್ಕಿಂತ ಹೆಚ್ಚು ಸಂಕಟ. ಸುಪ್ರೀಂ ಕೋರ್ಟು, ಸಂಜೆ ಆರರೊಳಗೆ ಸ್ಪೀಕರ್ ಮುಂದೆ ಹಾಜರಾಗಿ ಎಂದಿತು. ಆ ಸಂಜೆಯ ದೃಶ್ಯ ಕನ್ನಡನಾಡು ಮರೆಯುವಂಥದ್ದಲ್ಲ: ಶಾಸಕ ಬೈರತಿ ಬಸವರಾಜ್ ವಿಧಾನಸೌಧದೊಳಗೆ ಓಟ ಕಿತ್ತರು. ಕೆಲಸ ಹಿಡಿಯಲು ಓಡುವವರನ್ನು ನಾವು ಮೆಜೆಸ್ಟಿಕ್ಕಿನಲ್ಲಿ ದಿನಾ ಬೆಳಗ್ಗೆ ನೋಡುತ್ತೇವೆ. ಕೆಲಸ ಬಿಡಲು ಹಾಗೆ ಓಡಿದವರನ್ನು ನೋಡಿದ್ದು ಅದೇ ಮೊದಲು. ಜನ ಆ ವಿಡಿಯೊಗೆ ಸಿನಿಮಾ ಸಂಗೀತ ಕೂಡಿಸಿ ಊರೆಲ್ಲ ಹಂಚಿದರು, ಹೊಟ್ಟೆ ಹಿಡಿದು ನಕ್ಕರು, ಡಿಸೆಂಬರಿನ ಉಪಚುನಾವಣೆಯಲ್ಲಿ ಅವರನ್ನು ಭಾರಿ ಅಂತರದಿಂದ ಗೆಲ್ಲಿಸಿ ಕಳಿಸಿದರು. ನಗುವುದು ಬೇರೆ ಖಾತೆ, ವೋಟು ಬೇರೆ ಖಾತೆ.

ಅವಸರದ ವಿಷಯಕ್ಕೆ ಬಂದರೆ ಇಂಗ್ಲೆಂಡಿನವರು ಬಹಳ ಜಂಬ ಪಡುತ್ತಾರೆ. 2022ರಲ್ಲಿ ಪ್ರಧಾನಿ ಲಿಜ್ ಟ್ರಸ್ ಎಷ್ಟು ದಿನ ಉಳಿಯುತ್ತಾರೆ ಅಂತ ಅಲ್ಲಿನ ಡೈಲಿ ಸ್ಟಾರ್ ಪತ್ರಿಕೆ ಒಂದು ಲೆಟ್ಯೂಸ್ ತಂದು ಕ್ಯಾಮೆರಾ ಮುಂದೆ ಇಟ್ಟಿತು. ಸೊಪ್ಪು ಬಾಡುವ ಮೊದಲೇ ಆಯಮ್ಮ ರಾಜೀನಾಮೆ ಘೋಷಿಸಿದರು. ಇದನ್ನೊಂದು ದೊಡ್ಡ ಸುದ್ದಿ ಅಂತ ಲೋಕಕ್ಕೆಲ್ಲ ತೋರಿಸಿದರು. ನಮ್ಮಲ್ಲಿ 2018ರ ಮೇ 17ರ ಬೆಳಗ್ಗೆ ಪ್ರಮಾಣವಚನ ತಗೊಂಡ ಯಡಿಯೂರಪ್ಪನವರು, 104 ಸೀಟು ಹಿಡಿದು ಬಹುಮತಕ್ಕೆ ಕಾದು, ಮೇ 19ರ ಸಂಜೆ ಮತಕ್ಕೆ ಹಾಕುವ ಮೊದಲೇ ಸದನದಲ್ಲಿ ಭಾಷಣ ಮಾಡಿ ಇಳಿದರು. ಕೆ.ಆರ್. ಮಾರ್ಕೆಟ್ಟಿನಿಂದ ತಂದ ಕೊತ್ತಂಬರಿ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಅಷ್ಟು ಹೊತ್ತಿಗೆ ಘಮವೂ ಹೋಗಿರುವುದಿಲ್ಲ. ಆದರೆ ನಾವು ಅದನ್ನು ಪಂದ್ಯಕ್ಕಿಡಲಿಲ್ಲ, ಚಟ್ನಿ ಮಾಡಿಕೊಂಡು ಟೀವಿ ಮುಂದೆ ಕೂತೆವು. ಐಪಿಎಲ್ ಕಾಲ ಅದು. ಎಷ್ಟೋ ಮನೆಗಳಲ್ಲಿ ಆ ಮಧ್ಯಾಹ್ನ ಮ್ಯಾಚಿಗಿಂತ ಸದನದ ಸ್ಕೋರೇ ಹೆಚ್ಚು ಓಡಿತು.

ಜನ ಬರೀ ತಮಾಷೆ ನೋಡುತ್ತಾರೆ ಅಂದುಕೊಂಡ ರಾಜಕಾರಣಿ ಮಾತ್ರ ಕೆಡುತ್ತಾನೆ. 2007ರ ನವೆಂಬರಿನಲ್ಲಿ, ಇಪ್ಪತ್ತು ತಿಂಗಳು ನಿಂದು ಇಪ್ಪತ್ತು ತಿಂಗಳು ನಂದು ಎಂಬ ಒಪ್ಪಂದವನ್ನು ಮೈತ್ರಿ ಪಕ್ಷ ಮುರಿದದ್ದರಿಂದ, ಕುರ್ಚಿ ಹತ್ತಿದ ವಾರದಲ್ಲೇ ಯಡಿಯೂರಪ್ಪ ಇಳಿಯಬೇಕಾಯಿತು. ವಚನಭ್ರಷ್ಟ ಎಂಬ ಪೌರಾಣಿಕ ಬೈಗುಳ ಬಸ್‌ಸ್ಟ್ಯಾಂಡಿನವರೆಗೆ ಬಂತು. ಆರು ತಿಂಗಳಿಗೆ ಜನ ಅವರ ಪಕ್ಷಕ್ಕೆ 110 ಸೀಟು ಕೊಟ್ಟರು. ಅದೇ ಮನುಷ್ಯ 2011ರಲ್ಲಿ ಗಣಿ ಕುರಿತ ಲೋಕಾಯುಕ್ತ ವರದಿ ಬಂದು ಇಳಿದಾಗಲೂ ಕಣ್ಣೀರಿತ್ತು, ಬೆಂಬಲಿಗರಿದ್ದರು, ಆಮೇಲೆ ಸ್ವಂತ ಪಕ್ಷವೂ ಬಂತು. 2013ರಲ್ಲಿ ಆ ಪಕ್ಷಕ್ಕೆ ಸಿಕ್ಕಿದ್ದು 6. ಯಾವ ಅಳುವಿಗೆ ಎಷ್ಟು ಅಂತ ಜನ ಎಲ್ಲಿ ಬರೆದಿಟ್ಟುಕೊಳ್ಳುತ್ತಾರೋ ನನಗಂತೂ ತಿಳಿಯದು. ಸಮೀಕ್ಷೆಯವರಿಗೂ ತಿಳಿದ ಹಾಗಿಲ್ಲ.

2019ರ ಡಿಸೆಂಬರಿನಲ್ಲೂ ಹಾಗೆಯೇ. ಓಡಿದವರು, ಹಾರಿದವರು, ಮುಂಬೈಯಲ್ಲಿ ತಂಗಿದವರು ಬಹುಪಾಲು ಗೆದ್ದರು. ಹೊಸಕೋಟೆಯವರು ಎಂ.ಟಿ.ಬಿ. ನಾಗರಾಜ್ ಅವರನ್ನೂ ಹುಣಸೂರಿನವರು ಎಚ್. ವಿಶ್ವನಾಥ್ ಅವರನ್ನೂ ಮನೆಗೆ ಕಳಿಸಿದರು. ಕಟಿಂಗ್ ಶಾಪಿನಲ್ಲಿ ಅವತ್ತು ಭಾರಿ ಸಂಭ್ರಮ: ಇಬ್ಬರಿಗಾದರೂ ಪಾಠ ಕಲಿಸಿದೆವು ಅಂತ. ಮುಂದಿನ ವರ್ಷದ ನಡುವೆ ಇಬ್ಬರೂ ವಿಧಾನ ಪರಿಷತ್ತಿನಲ್ಲಿದ್ದರು. 2021ರ ಜನವರಿಗೆ ನಾಗರಾಜ್ ಮಂತ್ರಿಯೂ ಆದರು.

"ಅಲ್ಲ ಮೇಷ್ಟ್ರೇ, ನಾವು ಸೋಲಿಸಿ ಕಳ್ಸಿದೋರು ಅದ್ಹೆಂಗೆ ಮತ್ತೆ ಒಳಗೆ ಹೋದ್ರು?"

ಮೇಷ್ಟ್ರು ಕತ್ತಿನ ಸುತ್ತಲಿನ ಬಿಳಿ ಬಟ್ಟೆಯೊಳಗಿಂದ ಕೈ ತೆಗೆದು ಎರಡು ಬೆರಳು ತೋರಿಸಿದರು.

"ಅದಕ್ಕೇ ಕಣಯ್ಯಾ, ನಮ್ಮ ರಾಜ್ಯಕ್ಕೆ ಎರಡು ಮನೆ ಕಟ್ಟಿರೋದು."